ಅಕ್ವೇರಿಯಂಗೆ ಕಲ್ಲು ಹವಳ ತರೋ ಮುಂಚೆ: ಕಾನೂನು ಏನು ಹೇಳುತ್ತೆ, ನೀರು ಏನು ಕೇಳುತ್ತೆ

ಮೊಬೈಲ್‌ನಲ್ಲಿ ರೀಲ್ಸ್ ನೋಡ್ತಾ ಕೂತರೆ ನೀಲಿ ಬೆಳಕಿನ ಗಾಜಿನ ಟ್ಯಾಂಕು, ಅದರೊಳಗೆ ಹಸಿರು, ನೇರಳೆ, ಕಿತ್ತಳೆ ಬಣ್ಣದ ಹವಳ ಒಂದಲ್ಲ ಒಂದು ಸಲ ಕಣ್ಣಿಗೆ ಬಿದ್ದೇ ಬೀಳುತ್ತೆ. ಅದನ್ನು ನೋಡಿದವರು ಊರಿನ ಮೀನಿನ ಅಂಗಡಿಗೆ ಬಂದು "ಅಣ್ಣ, ಇಂಥದ್ದು ತರಿಸಿ ಕೊಡ್ತೀರಾ?" ಅಂತ ಕೇಳೋದೂ ಸಹಜವೇ. ಗೋಲ್ಡ್ ಫಿಶ್, ಗಪ್ಪಿ ಮಾರುವ ಅಂಗಡಿಯವರಿಗೆ ಇದು ಲಾಭದ ಗಿರಾಕಿ ಅನ್ನಿಸುತ್ತೆ. ಹೊಸದಾಗಿ ಟ್ಯಾಂಕ್ ಕಟ್ಟಿಸಿದವರಿಗೆ, ದುಡ್ಡು ಕೊಟ್ಟರೆ ಆಯ್ತು, ಉಳಿದದ್ದು ನೋಡಿಕೊಂಡರಾಯ್ತು ಅನ್ನಿಸುತ್ತೆ.

ಹಾಗಾಗಿ ಉತ್ತರ ಮೊದಲೇ ಹೇಳಿಬಿಡೋಣ. ಜೀವಂತ ಕಲ್ಲು ಹವಳ ಆಗಲಿ, ಅದರ ಒಣಗಿದ ಬಿಳಿ ತುಂಡಾಗಲಿ, ನಮ್ಮ ದೇಶದಲ್ಲಿ ಮನೆಯಲ್ಲಿ ಇಟ್ಟುಕೊಳ್ಳೋದಕ್ಕೆ, ಅಂಗಡಿಯಲ್ಲಿ ಮಾರೋದಕ್ಕೆ ಅವಕಾಶ ಇಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಕೂತು ಟ್ಯಾಂಕ್ ಮಾಡೋರು ತಿಳಿದಿರಬೇಕಾದ ಎರಡನೇ ಮಾತು ಏನಂದರೆ, ಕಾನೂನು ಅಡ್ಡ ಇಲ್ಲದಿದ್ದರೂ ಹೊಸ ಟ್ಯಾಂಕಿನಲ್ಲಿ ಅದು ಉಳಿಯೋದು ಬಲು ಕಷ್ಟ. ಯಾಕೆ ಅನ್ನೋದನ್ನ ಸ್ವಲ್ಪ ಬಿಡಿಸಿ ನೋಡಬೇಕು, ಯಾಕಂದರೆ ಅದೇ ಲೆಕ್ಕ ಸಾಮಾನ್ಯ ಮೀನಿನ ಟ್ಯಾಂಕಿಗೂ ಉಪಯೋಗಕ್ಕೆ ಬರುತ್ತೆ.

ಇದು ಕಲ್ಲೂ ಅಲ್ಲ, ಗಿಡವೂ ಅಲ್ಲ

ನಮ್ಮ ಕಡೆ ಹವಳ ಅಂದ ಕೂಡಲೇ ಬಂಗಾರದ ಅಂಗಡಿಯ ಕೆಂಪು ಹವಳ ನೆನಪಾಗುತ್ತೆ. ಮಂಗಳ ಗ್ರಹಕ್ಕೆ ಅಂತ ಉಂಗುರಕ್ಕೆ ಹಾಕಿಸೋದು ಅದು. ಹೆಸರುವಾಸಿಯಾದ ಕೆಂಪು ಹವಳ ಬರೋದು ಮೆಡಿಟರೇನಿಯನ್ ಸಮುದ್ರದಿಂದ. ಈ ಲೇಖನದ ಕಲ್ಲು ಹವಳದ ಗುಂಪೇ ಬೇರೆ.

ಕಲ್ಲು ಹವಳ ಒಂದು ಪ್ರಾಣಿ. ಸರಿಯಾಗಿ ಹೇಳಬೇಕಂದರೆ ಸಾವಿರಾರು ಚಿಕ್ಕ ಪ್ರಾಣಿಗಳ ಒಂದು ವಠಾರ. ಒಂದೊಂದಕ್ಕೂ ಪಾಲಿಪ್ ಅಂತಾರೆ. ನಡುವೆ ಬಾಯಿ, ಸುತ್ತ ಬೆರಳಿನಂಥ ಎಳೆಗಳು. ಸಮುದ್ರದ ನೀರಿನಿಂದ ಸುಣ್ಣದ ಅಂಶ ಎಳೆದುಕೊಂಡು ತನ್ನ ಕೆಳಗೆ ತಾನೇ ಕಲ್ಲಿನ ಬಟ್ಟಲು ಕಟ್ಟಿಕೊಳ್ಳುತ್ತೆ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸ ಮಾಡುತ್ತೆ. ಬಿಸಿಲಲ್ಲಿ ಪಾಚಿ ಆಹಾರ ತಯಾರಿಸುತ್ತೆ, ಹವಳಕ್ಕೆ ಬೇಕಾದ ಶಕ್ತಿಯ ಬಹುಪಾಲು ಅಲ್ಲಿಂದಲೇ ಬರುತ್ತೆ. ನೀರು ಬಿಸಿಯಾದರೆ ಈ ಪಾಚಿಯನ್ನು ಹವಳ ಹೊರಗೆ ಹಾಕಿಬಿಡುತ್ತೆ. ಬಣ್ಣ ಹೋಗಿ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತೆ. ಆ ಹೊತ್ತಿಗೆ ಸತ್ತಿರಲ್ಲ, ಉಪವಾಸ ಬಿದ್ದಿರುತ್ತೆ. ವಾರಗಟ್ಟಲೆ ಬಿಸಿ ಇಳಿಯದಿದ್ದರೆ ಸಾಯುತ್ತೆ.

ಗುಂಡಗೆ ಬೆಳೆಯುವ ಜಾತಿಗಳು ವರ್ಷಕ್ಕೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತವೆ. ಅಂದರೆ ಮುಷ್ಟಿ ಗಾತ್ರದ ಒಂದು ತುಂಡು ನೋಡಿದರೆ, ಸಮುದ್ರದಲ್ಲಿ ಐದಾರು ವರ್ಷ ಕೂತು ಕಟ್ಟಿದ ಮನೆ ಅಂತ ಲೆಕ್ಕ. ಉಳಿಯಿಂದ ಒಡೆದು ತೆಗೆಯೋಕೆ ಐದು ನಿಮಿಷ ಸಾಕು.

ಕೊಂಡುಕುರಿಗಿರುವ ಕಾನೂನೇ ಇದಕ್ಕೂ

ಜಗಳೂರಿನವರಿಗೆ ಇದನ್ನು ಹೇಳೋದು ಸುಲಭ. ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆ ಅಂತಲೇ 2011ರಲ್ಲಿ ಅಭಯಾರಣ್ಯ ಆಯ್ತಲ್ಲ, ಆ ನಾಲ್ಕು ಕೊಂಬಿನ ಕೊಂಡುಕುರಿ ಇರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿ. ಹುಲಿ, ಆನೆ ಕೂಡ ಅಲ್ಲೇ. 2001ರಲ್ಲಿ ಕಲ್ಲು ಹವಳಗಳನ್ನೂ ಅದೇ ಪಟ್ಟಿಗೆ ಸೇರಿಸಿದರು. 2022ರ ತಿದ್ದುಪಡಿಯಲ್ಲಿ ಶೆಡ್ಯೂಲ್‌ಗಳನ್ನೆಲ್ಲ ಹೊಸದಾಗಿ ಬರೆದಾಗಲೂ ಹವಳ ಅಲ್ಲೇ ಉಳಿಯಿತು. ಜತೆಗೆ ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಬೀಸಣಿಗೆ ಆಕಾರದ ಸೀ ಫ್ಯಾನ್ ಇವೆ. ಅಕ್ವೇರಿಯಂ ವ್ಯಾಪಾರದಲ್ಲಿ ಓಡಾಡುವ ಕಡಲ್ಗುದುರೆ, ಅಂದರೆ ಸೀ ಹಾರ್ಸ್ ಕೂಡ ಶೆಡ್ಯೂಲ್ 1ರದ್ದೇ.

ಶಿಕ್ಷೆ ಕಡಿಮೆ ಏನಿಲ್ಲ. ಶೆಡ್ಯೂಲ್ 1ರ ಪ್ರಾಣಿ ವಿಷಯದಲ್ಲಿ ತಪ್ಪು ರುಜುವಾತಾದರೆ ಕಾಯ್ದೆಯ 51ನೇ ಸೆಕ್ಷನ್ ಪ್ರಕಾರ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ದಂಡ 25 ಸಾವಿರ ರೂಪಾಯಿಗೆ ಕಡಿಮೆ ಇಲ್ಲ. 57ನೇ ಸೆಕ್ಷನ್ ಇನ್ನೂ ಬಿಗಿ: ವಸ್ತು ನಿಮ್ಮ ಹತ್ತಿರ ಸಿಕ್ಕಿತು ಅಂದಮೇಲೆ ಅದು ಅಕ್ರಮ ಅಂತಲೇ ಹಿಡಿಯಲಾಗುತ್ತೆ, ಅಲ್ಲ ಅಂತ ತೋರಿಸೋ ಭಾರ ನಿಮ್ಮ ಮೇಲೆ. 2023ರ ಕೊನೆಯಲ್ಲಿ ಹುಲಿ ಉಗುರಿನ ಲಾಕೆಟ್ ವಿಷಯ ರಾಜ್ಯದ ತುಂಬ ಸದ್ದು ಮಾಡಿದ್ದು ನೆನಪಿರಬಹುದು. ಮನೆಯಲ್ಲಿ ತಾತನ ಕಾಲದಿಂದ ಇತ್ತು ಅನ್ನೋ ಮಾತು ಅಲ್ಲಿ ಎಷ್ಟು ಹೊತ್ತು ನಿಂತಿತು ಅಂತ ಎಲ್ಲರೂ ನೋಡಿದರು.

ಮಾರುವವರು ಹೇಳುವ ಮಾತು ಸಾಮಾನ್ಯವಾಗಿ ಎರಡು ಥರ. ಒಂದು, "ಇದು ಇಂಡೋನೇಷ್ಯಾ ಮಾಲು ಸಾರ್, ನಮ್ಮ ಸಮುದ್ರದ್ದಲ್ಲ." ಶೆಡ್ಯೂಲ್‌ನಲ್ಲಿ ಬರೆದಿರೋದು ಎಲ್ಲ ಕಲ್ಲು ಹವಳಗಳು ಅಂತ, ಯಾವ ಸಮುದ್ರದ್ದು ಅಂತ ಬೇರ್ಪಡಿಸಿಲ್ಲ. ಎರಡನೇದು, "ಇದು ಟ್ಯಾಂಕಿನಲ್ಲೇ ಬೆಳೆಸಿ ಕತ್ತರಿಸಿದ ತುಂಡು." ಒಂದು ಸಿಮೆಂಟ್ ಬಿಲ್ಲೆ ಮೇಲೆ ಅಂಟಿಸಿದ ಬೆರಳುದ್ದ ಹವಳವನ್ನು ನೋಡಿ ಅದು ಎಲ್ಲಿ ಹುಟ್ಟಿತು ಅಂತ ಹೇಳೋದು ನಮ್ಮಿಂದ, ನಿಮ್ಮಿಂದ ಆಗದ ಕೆಲಸ. ಪಾರ್ಸೆಲ್‌ನಲ್ಲಿ ಬಂದ ಮಾಲಿಗೆ ಬಿಲ್ ಇದ್ದರೂ ಅದರಲ್ಲಿ "ಡೆಕೋರೇಷನ್ ಐಟಂ" ಅಂತ ಬರೆದಿದ್ದರೆ ಆ ಬಿಲ್ ನಿಮ್ಮನ್ನು ಕಾಪಾಡಲ್ಲ.

ಅಂಗಡಿಯವರು ಹೆಚ್ಚಾಗಿ ಎಡವೋದು ಜೀವಂತ ಹವಳದಲ್ಲಿ ಅಲ್ಲ, ಲೈವ್ ರಾಕ್ ಮತ್ತು ಬಿಳಿ ಶೋಪೀಸ್‌ನಲ್ಲಿ. ಲೈವ್ ರಾಕ್ ಅಂತ ಮಾರುವ ಸಮುದ್ರದ ಬಂಡೆ ಬಹಳ ಸಲ ಹಳೆ ಹವಳದ ಅಸ್ಥಿಪಂಜರವೇ. ಶೋಪೀಸ್ ಅಂದರೆ ರಾಮೇಶ್ವರ, ಕನ್ಯಾಕುಮಾರಿ ಯಾತ್ರೆಗೆ ಹೋದವರು ತಂದು ಟಿವಿ ಪಕ್ಕ ಇಡುವ ಕೊಂಬೆಕೊಂಬೆಯ ಬಿಳಿ ಕಲ್ಲು. ರಾಮೇಶ್ವರದ ಪಕ್ಕದ ಮನ್ನಾರ್ ಕೊಲ್ಲಿ 1986ರಿಂದ ರಾಷ್ಟ್ರೀಯ ಉದ್ಯಾನ. ಅಲ್ಲಿನ ಹವಳ ಸತ್ತದ್ದಾದರೂ ಸರಿ, ದಡದಲ್ಲಿ ಬಿದ್ದು ಸಿಕ್ಕದ್ದಾದರೂ ಸರಿ, ಬ್ಯಾಗಿಗೆ ಹಾಕಿಕೊಂಡು ಬರೋ ಹಾಗಿಲ್ಲ. ಸಿರಾಮಿಕ್, ಸಿಮೆಂಟ್ ಅಥವಾ ಪ್ಲಾಸ್ಟಿಕ್‌ನಲ್ಲಿ ಮಾಡಿದ ನಕಲಿ ಹವಳ ಸಿಗುತ್ತೆ. ಮೀನಿಗೆ ಅಡಗಿಕೊಳ್ಳೋಕೆ ಜಾಗ ಸಿಕ್ಕರೆ ಸಾಕು, ಅಸಲಿಯೋ ನಕಲಿಯೋ ಅಂತ ಅದು ಕೇಳಲ್ಲ.

ಹಾಗಾದರೆ ಹವಳ ಬೆಳೆಸೋರು ಯಾರೂ ಇಲ್ವಾ? ಇದ್ದಾರೆ. ಗುಜರಾತಿನ ಮಿಠಾಪುರದ ಕರಾವಳಿಯಲ್ಲಿ 2020ರಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ ಅಲ್ಲಿನ ಅರಣ್ಯ ಇಲಾಖೆ ಜತೆ ಸೇರಿ ಸಮುದ್ರದೊಳಗೆ ಕಬ್ಬಿಣದ ಚೌಕಟ್ಟು ಇಳಿಸಿ, ಸಣ್ಣ ಪ್ರಮಾಣದ ವಿದ್ಯುತ್ ಹರಿಸಿ ಹವಳ ಬೆಳೆಸುವ ಪ್ರಯೋಗ ಶುರು ಮಾಡಿತು. ಅಂಥ ಕೆಲಸಕ್ಕೆ ಅನುಮತಿ ಇದೆ. ನಮ್ಮ ನಿಮ್ಮ ಹಾಲ್‌ನ ಟ್ಯಾಂಕಿಗಿಲ್ಲ.

ಹೊಸ ಟ್ಯಾಂಕಿನಲ್ಲಿ ಅದು ಯಾಕೆ ಸಾಯುತ್ತೆ

ಈಗ ನೀರಿನ ವಿಷಯ. ಹೊಸ ಟ್ಯಾಂಕ್ ಕಣ್ಣಿಗೆ ತಿಳಿಯಾಗಿ ಕಾಣುತ್ತೆ, ಆದರೆ ಅದರಲ್ಲಿ ಕಸ ಕರಗಿಸುವ ಬ್ಯಾಕ್ಟೀರಿಯಾ ಇರಲ್ಲ. ಮೀನಿನ ಹೊಲಸು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ, ಇನ್ನೊಂದು ಬಗೆ ನೈಟ್ರೇಟ್ ಮಾಡುತ್ತೆ. ಮೊದಲಿನೆರಡೂ ವಿಷ, ಮೂರನೇದು ಅಷ್ಟು ಅಪಾಯ ಅಲ್ಲ. ಈ ಬ್ಯಾಕ್ಟೀರಿಯಾ ಕಲ್ಲು, ಮರಳು, ಫಿಲ್ಟರ್‌ನಲ್ಲಿ ನೆಲೆ ಊರೋಕೆ ಮೂರರಿಂದ ಆರು ವಾರ ಬೇಕು. ಅದು ಮುಗಿದ ಮೇಲೂ ಸಮುದ್ರ ನೀರಿನ ಟ್ಯಾಂಕಿನಲ್ಲಿ ಮೊದಲು ಕಂದು ಪೊರೆ, ಆಮೇಲೆ ಹಸಿರು ಪಾಚಿ ಬಂದು ಹೋಗುತ್ತೆ. ಹವಳ ಸಾಕಲು ಅವಕಾಶ ಇರುವ ದೇಶಗಳಲ್ಲಿ ಅನುಭವ ಇರೋರು ಕಲ್ಲು ಹವಳವನ್ನು ತಿಂಗಳುಗಟ್ಟಲೆ ಕಾದು, ಕಟ್ಟಕಡೆಗೆ ಇಡ್ತಾರೆ. ಮೊದಲ ವಾರವೇ ಇಟ್ಟವರ ಹವಳ ಎರಡನೇ ತಿಂಗಳಿಗೆ ಬರೀ ಬಿಳಿ ಕಲ್ಲು.

ಉಪ್ಪಿನ ಲೆಕ್ಕ ಹೀಗೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. 100 ಲೀಟರ್ ಟ್ಯಾಂಕಿಗೆ ಮೂರೂವರೆ ಕೆ.ಜಿ. ಅದು ಅಡುಗೆ ಉಪ್ಪಲ್ಲ. ಲೀಟರಿಗೆ ಸುಮಾರು 410 ಮಿಲಿಗ್ರಾಂ ಕ್ಯಾಲ್ಸಿಯಂ, ಅದರ ಮೂರು ಪಟ್ಟು ಮೆಗ್ನೀಸಿಯಂ ಇರುವ ಬೇರೆ ಮಿಶ್ರಣ. ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತೆ. ಬೇಸಿಗೆಯಲ್ಲಿ ದಿನಕ್ಕೆ 2 ಲೀಟರ್ ಹೋಯ್ತು ಅಂತಿಟ್ಟುಕೊಳ್ಳಿ. ಮದುವೆಗೆ ಅಂತ ಐದು ದಿನ ಊರಿಗೆ ಹೋಗಿ ಬಂದರೆ ಟ್ಯಾಂಕಿನಲ್ಲಿ 90 ಲೀಟರ್ ಉಳಿದಿರುತ್ತೆ, ಉಪ್ಪು ಲೀಟರಿಗೆ 39 ಗ್ರಾಂ ಹತ್ತಿರ ಆಗಿರುತ್ತೆ. ಮೀನು ತಡೆದುಕೊಳ್ಳಬಹುದು. ಹವಳಕ್ಕೆ ಆ ಏರಿಳಿತವೇ ಪೆಟ್ಟು.

ಇದಕ್ಕಿಂತ ಕಣ್ಣಿಗೆ ಬೀಳದ ವಿಷಯ ಒಂದಿದೆ. ಹವಳ ತನ್ನ ಕಲ್ಲು ಕಟ್ಟಿಕೊಳ್ಳೋಕೆ ಎರಡು ಸಾಮಾನು ಎಳೆದುಕೊಳ್ಳುತ್ತೆ: ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್. ಕಾರ್ಬೊನೇಟ್ ಎಷ್ಟಿದೆ ಅಂತ ತಿಳಿಯೋದು ನೀರಿನ ಕ್ಷಾರೀಯತೆ ಅಳೆದು. ಟೆಸ್ಟ್ ಕಿಟ್‌ನಲ್ಲಿ ಅದನ್ನು ಡಿಕೆಎಚ್ ಅಂತ ಬರೆದಿರುತ್ತೆ. ಸಮುದ್ರದಲ್ಲಿ ಅದು 7ರ ಆಸುಪಾಸು, ಟ್ಯಾಂಕಿನಲ್ಲಿ 8 ಇಡೋದು ರೂಢಿ. ಹವಳ 20 ಮಿಲಿಗ್ರಾಂ ಕ್ಯಾಲ್ಸಿಯಂ ಬಳಸಿದಾಗ ಡಿಕೆಎಚ್ 2.8 ಇಳಿಯುತ್ತೆ. ಅಂದರೆ ಕ್ಯಾಲ್ಸಿಯಂ 420ರಿಂದ 400ಕ್ಕೆ ಬಂದಾಗ, ಡಿಕೆಎಚ್ 8ರಿಂದ 5.2ಕ್ಕೆ ಬಿದ್ದಿರುತ್ತೆ. ಕ್ಯಾಲ್ಸಿಯಂ ಮಾತ್ರ ನೋಡೋರು "ಎಲ್ಲಾ ಸರಿ ಐತಲ್ಲ" ಅಂತಾರೆ, ಅತ್ತ ಹವಳದ ಬುಡದಿಂದ ಚರ್ಮ ಸುಲಿಯೋಕೆ ಶುರುವಾಗಿರುತ್ತೆ. ವಾರಕ್ಕೆ ಎರಡು ಮೂರು ಸಲ ಇದನ್ನೇ ಅಳೆದು, ಇಳಿದಷ್ಟನ್ನೇ ನಿಧಾನಕ್ಕೆ ತುಂಬಬೇಕು. ಒಂದೇ ದಿನ ಸುರಿದು ಸರಿ ಮಾಡಿದರೆ ಇಳಿದದ್ದಕ್ಕಿಂತ ಏರಿದ್ದೇ ಹೆಚ್ಚು ಹಾಳು ಮಾಡುತ್ತೆ.

ಜಗಳೂರು ಕಡೆಯ ಓದುಗರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು: "ನಮ್ಮ ಬೋರ್ ನೀರಲ್ಲಿ ಬೇಕಾದಷ್ಟು ಸುಣ್ಣ ಐತಲ್ರೀ, ಪಾತ್ರೆ ತಳ ಎಲ್ಲಾ ಬೆಳ್ಳಗಾಗುತ್ತೆ, ಅದೇ ಸಾಕಲ್ವಾ?" ಸಾಲದು. ಕುಡಿಯುವ ನೀರಿನ ಕಠಿಣತೆಗೆ ಗರಿಷ್ಠ ಮಿತಿ ಲೀಟರಿಗೆ 600 ಮಿಲಿಗ್ರಾಂ. ಅಷ್ಟು ಗಡಸು ನೀರಲ್ಲೂ ಕ್ಯಾಲ್ಸಿಯಂ 240 ದಾಟಲ್ಲ. ಅದರ ಜತೆಗೆ ಬರೋದು ಬೇಡದ್ದೆಲ್ಲ: ಜಗಳೂರಿನವರಿಗೆ ಹೊಸದಾಗಿ ಹೇಳಬೇಕಿಲ್ಲದ ಫ್ಲೋರೈಡ್, ಕಂದು ಪೊರೆಗೆ ಊಟವಾಗುವ ಸಿಲಿಕಾ, ಗೊಬ್ಬರ ಹಾಕಿದ ಹೊಲದ ಕೆಳಗಿನ ನೀರಾದರೆ ನೈಟ್ರೇಟ್. ಕುಡಿಯುವ ನೀರಿಗೆ ನೈಟ್ರೇಟ್ 45ರ ತನಕ ಒಪ್ಪಿಗೆ. ಹವಳದ ಟ್ಯಾಂಕಿನಲ್ಲಿ 10ರ ಒಳಗಿರಬೇಕು. ಆದ್ದರಿಂದ ಬೇರೆ ದೇಶಗಳ ಹವಳಪ್ರಿಯರು ನೀರನ್ನು ಟಿಡಿಎಸ್ ಸೊನ್ನೆ ಬರೋ ತನಕ ಸೋಸಿ, ಆಮೇಲೆ ಉಪ್ಪಿನ ಮಿಶ್ರಣ ಕಲಸ್ತಾರೆ. ನಮ್ಮೂರ ಶುದ್ಧ ನೀರಿನ ಘಟಕದ ನೀರು ಕುಡಿಯೋಕೆ ಚೆನ್ನ, ಆದರೆ ಅದು ಸೊನ್ನೆ ಅಲ್ಲ. ಟಿಡಿಎಸ್ ಮೀಟರ್ ಅದ್ದಿ ನೋಡಿ, ಗೊತ್ತಾಗುತ್ತೆ.

ಕೊನೆಗೆ ಬಿಸಿ. ಕಲ್ಲು ಹವಳಕ್ಕೆ 24ರಿಂದ 27 ಡಿಗ್ರಿ ಹಿತ. ಏಪ್ರಿಲ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಶೀಟಿನ ಮನೆಯೊಳಗೆ ಕೂತವರಿಗೆ ಉಳಿದದ್ದು ಹೇಳೋದು ಬೇಡ. ಚಿಲ್ಲರ್ ಇಲ್ಲದೆ ಆಗಲ್ಲ, ಕರೆಂಟ್ ಇಲ್ಲದೆ ಚಿಲ್ಲರ್ ಓಡಲ್ಲ. ಮೋಟಾರ್ ನಿಂತರೆ ನೀರಿನ ಓಟ ನಿಲ್ಲುತ್ತೆ, ಗಂಟೆಗಳಲ್ಲಿ ಉಸಿರಿನ ತೊಂದರೆ ಶುರು.

ಸಮುದ್ರದಲ್ಲೇ ಇದರ ಕಥೆ ಕಷ್ಟಕ್ಕೆ ಬಂದಿದೆ. ಅಲ್ಲಿನ ಮಾಮೂಲಿ ಬೇಸಿಗೆಯ ಗರಿಷ್ಠಕ್ಕಿಂತ ಒಂದೇ ಡಿಗ್ರಿ ಹೆಚ್ಚು ಬಿಸಿ ಕೆಲವು ವಾರ ನಿಂತರೂ ಹವಳ ಬಿಳಿಚಿಕೊಳ್ಳುತ್ತೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹಾಗಾಯಿತು, 2024ರಲ್ಲಿ ಮತ್ತೆ ಆಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಪ್ರಪಂಚದ ಮಟ್ಟದಲ್ಲಿ ಇದು ನಾಲ್ಕನೇ ಸಾಮೂಹಿಕ ಬಿಳಿಚುವಿಕೆ ಅಂತ ಘೋಷಿಸಿದರು. ಅಲ್ಲಿ ಬಿಸಿಯಿಂದ ಉಳಿದುಕೊಂಡ ತುಂಡನ್ನು ಒಡೆದು ತಂದು ನಮ್ಮ ಹಾಲ್‌ನಲ್ಲಿ ಸಾಯಿಸೋದು ಯಾವ ಲೆಕ್ಕಕ್ಕೂ ಸರಿ ಕಾಣಲ್ಲ.

ಟ್ಯಾಂಕ್ ಈಗಾಗಲೇ ಕಟ್ಟಿಸಿ ಆಗಿದೆ ಅಂದ್ರೆ

ಅದು ದಂಡ ಆಗಲ್ಲ. ನಮ್ಮ ನೀರಿಗೆ ಒಗ್ಗುವ ಸಿಹಿನೀರಿನ ಮೀನು ಹಾಕಿ. ಜಗಳೂರಿನ ಗಡಸು ನೀರಿಗೆ ಮೋಲಿ, ಗಪ್ಪಿ, ಪ್ಲಾಟಿ ಹೇಳಿ ಮಾಡಿಸಿದ ಹಾಗೆ. ಇವಕ್ಕೆ ಮೆದು ನೀರಿಗಿಂತ ಸುಣ್ಣದ ನೀರೇ ಇಷ್ಟ. ಹೊನ್ನಾಳಿ, ನ್ಯಾಮತಿಯಲ್ಲಿ ಮನೆಗೆ ಬರೋದು ತುಂಗಭದ್ರೆಯ ನೀರಾದರೆ ಬಾರ್ಬ್, ಟೆಟ್ರಾ ಜಾತಿಗಳನ್ನೂ ನೋಡಬಹುದು. ನದಿ ನೀರಿಗೆ ಊರಲ್ಲಿ ಬ್ಲೀಚಿಂಗ್ ಪುಡಿ ಹಾಕಿರ್ತಾರೆ. ಅಗಲ ಬಾಯಿಯ ಬಕೆಟ್‌ನಲ್ಲಿ ಒಂದು ದಿನ ಗಾಳಿಯಾಡೋಕೆ ಬಿಟ್ಟು ಆಮೇಲೆ ಬಳಸಿ. ಜುಲೈನಲ್ಲಿ ಹೊಳೆ ಕೆಂಪಗೆ ಬಂದಾಗ ಒಂದು ವಾರ ನೀರು ಬದಲಿಸದಿದ್ದರೂ ನಡೆಯುತ್ತೆ. ಚನ್ನಗಿರಿಯಲ್ಲಿ ಸೂಳೆಕೆರೆ ನೀರು ಬರುವ ಬೀದಿಯೇ ಬೇರೆ, ಬೋರ್ ನೀರಿನ ಬೀದಿಯೇ ಬೇರೆ. ಪಕ್ಕದ ಮನೆಯವರ ಟ್ಯಾಂಕಿನಲ್ಲಿ ಬದುಕಿದ ಮೀನು ನಿಮ್ಮಲ್ಲೂ ಬದುಕುತ್ತೆ ಅಂತ ಹೇಳೋಕಾಗಲ್ಲ, ಮೊದಲು ನಿಮ್ಮ ನಲ್ಲಿ ನೀರು ಯಾವುದು ಅಂತ ನೋಡಿ.

ನೀರು ಯಾವುದೇ ಇರಲಿ, ಮೂರರಿಂದ ಆರು ವಾರದ ಆ ಕಾಯುವ ಕೆಲಸ ತಪ್ಪಲ್ಲ. ಶುರುವಿನಲ್ಲಿ ಎರಡು ಮೂರು ಮೀನು ಸಾಕು, ಚಿಟಿಕೆಯಷ್ಟೇ ಆಹಾರ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ತೊಳೆಯಬೇಡಿ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಎಲ್ಲ ತೊಳೆದು ಹೋಗಿ ಟ್ಯಾಂಕ್ ಮತ್ತೆ ಹೊಸದಾಗುತ್ತೆ. ಅಂಗಡಿಯವರು ಟ್ಯಾಂಕನ್ನೂ ಮೀನನ್ನೂ ಒಂದೇ ದಿನ ಕೊಟ್ಟು ಕಳಿಸೋದು ಬಿಟ್ಟರೆ, "ನಿಮ್ಮಲ್ಲಿ ತಗೊಂಡ ಮೀನು ಸತ್ತೋಯ್ತು" ಅಂತ ಜಗಳಕ್ಕೆ ಬರೋರು ಅರ್ಧ ಕಡಿಮೆಯಾಗ್ತಾರೆ.

ಸಮುದ್ರದ ಮೀನೇ ಬೇಕು ಅನ್ನೋ ಹಟ ಇದ್ದರೆ ಹವಳ ಇಲ್ಲದೆ ಕ್ಲೌನ್ ಫಿಶ್ ಇಟ್ಟುಕೊಳ್ಳಬಹುದು, ಫಾರಂನಲ್ಲಿ ಮರಿ ಮಾಡಿದ್ದು ಅಂತ ಕೇಳಿ ತಗೊಳ್ಳಿ. ಕಲ್ಲಿಗೆ ಸಿರಾಮಿಕ್ ಸಾಕು. ಆದರೆ ಆ ಟ್ಯಾಂಕಿನಿಂದ ತೆಗೆದ ಉಪ್ಪುನೀರನ್ನು ಅಡಿಕೆ, ತೆಂಗಿನ ಬುಡಕ್ಕೆ ಸುರಿಯಬೇಡಿ. 25 ಲೀಟರ್‌ನಲ್ಲಿ ಮುಕ್ಕಾಲು ಕೆ.ಜಿ.ಗೂ ಹೆಚ್ಚು ಉಪ್ಪು ಇರುತ್ತೆ. ಬೇಡವಾದ ಮೀನನ್ನು, ಅದರಲ್ಲೂ ಗಾಜು ನೆಕ್ಕುವ ಸಕ್ಕರ್ ಮೀನನ್ನು, ಪಾಪ ಬದುಕಿಕೊಳ್ಳಲಿ ಅಂತ ಕೆರೆಗೋ ಹೊಳೆಗೋ ಬಿಡೋದೂ ಬೇಡ. ಅದು ಬದುಕಿಕೊಳ್ಳುತ್ತೆ, ಬಲೆ ಹಾಕುವವರ ಮೀನಿಗೆ ಜಾಗ ಇರಲ್ಲ.

ಮನೆಯಲ್ಲಿ, ಅಂಗಡಿಯಲ್ಲಿ ಈಗಾಗಲೇ ಹವಳ ಇದ್ದವರು ಅದನ್ನು ಬೇರೆಯವರಿಗೆ ಮಾರೋಕೆ, ಕೊಡೋಕೆ ಹೋಗಬೇಡಿ. ಅದು ಇನ್ನೊಂದು ತಪ್ಪಾಗುತ್ತೆ. ಒಬ್ಬ ವಕೀಲರ ಜತೆ ಮಾತಾಡಿ, ನಿಮ್ಮ ತಾಲ್ಲೂಕಿನ ವಲಯ ಅರಣ್ಯಾಧಿಕಾರಿ ಕಚೇರಿಗೆ ಲಿಖಿತವಾಗಿ ತಿಳಿಸಿ ಒಪ್ಪಿಸೋದು ಸರಿಯಾದ ದಾರಿ. ಎಲ್ಲಿ ತಗೊಂಡದ್ದು ಅನ್ನೋದಕ್ಕೆ ಬಿಲ್, ಮೆಸೇಜ್ ಏನಿದ್ದರೂ ಇಟ್ಟುಕೊಂಡಿರಿ.

ಜೀವಂತ ಕಲ್ಲು ಹವಳ ನೋಡಲೇಬೇಕು ಅನ್ನೋರಿಗೆ ನಮ್ಮ ರಾಜ್ಯದಲ್ಲೇ ನೇತ್ರಾಣಿ ಇದೆ. ಪಾರಿವಾಳ ದ್ವೀಪ ಅಂತಲೂ ಕರೀತಾರೆ. ಮುರುಡೇಶ್ವರದಿಂದ ಸಮುದ್ರದಲ್ಲಿ ಸುಮಾರು 19 ಕಿ.ಮೀ. ಹೊನ್ನಾಳಿ ಕಡೆಯಿಂದ ಶಿವಮೊಗ್ಗ, ಸಾಗರ, ಹೊನ್ನಾವರ ಹಾದಿಯಲ್ಲಿ ಹೋಗಬಹುದು. ಮುರುಡೇಶ್ವರದಿಂದ ಸ್ಕೂಬಾ ತಂಡಗಳು ಬೋಟಿನಲ್ಲಿ ಕರೆದೊಯ್ಯುತ್ತವೆ, ನೀರು ತಿಳಿ ಇದ್ದ ದಿನ ಬಂಡೆಗೆ ಅಂಟಿದ ಹವಳ, ಸುತ್ತ ಗಿಳಿಮೀನು ಎಲ್ಲಾ ಕಾಣುತ್ತೆ. ಮುಟ್ಟಬಾರದು, ಮೇಲೆ ಕಾಲಿಡಬಾರದು. ಮಳೆಗಾಲದಲ್ಲಿ ಸಮುದ್ರ ಒರಟಾಗಿರೋದರಿಂದ ಬೋಟ್ ಹೋಗಲ್ಲ. ಡಿಸೆಂಬರ್, ಜನವರಿ ಹೊತ್ತಿಗೆ ಹೋದರೆ ಒಳ್ಳೇದು.